ಪಾಲು ಮಾಡುವ ಮುನ್ನ



ಕುಟುಂಬದ ಆಸ್ತಿಯನ್ನು ಪಾಲು ಮಾಡಲು ಕುಳಿತ ದಿನ ನಮ್ಮ ಹಿರಿಯರು ಮೊದಲು ಹಳೆಯ ಪತ್ರಗಳ ಪೆಟ್ಟಿಗೆಯನ್ನು ಅಟ್ಟದಿಂದ ಕೆಳಗಿಳಿಸುತ್ತಿದ್ದರು. ಬೈಲು ಯಾವುದು, ಮಜಲು ಯಾವುದು, ಬೆಟ್ಟು ಯಾವುದು, ಯಾವ ಸರ್ವೆ ನಂಬ್ರದ ಮೇರೆ ಎಲ್ಲಿ ಮುಗಿಯುವುದು ಎಂಬುದನ್ನು ಓದಿ, ನೆರೆದವರೆಲ್ಲರೂ ಕೇಳಿ ಒಪ್ಪಿದ ಮೇಲೆಯೇ ಹಗ್ಗ ಹಿಡಿದು ಅಳೆಯುವ ಮಾತು. ಈ ಕ್ರಮವನ್ನು ಬಿಟ್ಟು ಅವಸರಪಟ್ಟ ಮನೆಗಳು ಎರಡು ಮೂರು ತಲೆಮಾರುಗಳ ಕಾಲ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದುದನ್ನು ನಾವೆಲ್ಲರೂ ಕಂಡಿರುವೆವು. ಈ ತಿಂಗಳು ನಾನು ಬರೆಯಹೊರಟಿರುವುದು ಗದ್ದೆಯ ಪಾಲಿನ ವಿಷಯವಲ್ಲ. ಮನೆಯ ಮೇಜಿನ ಮೇಲೆ ಕುಳಿತಿರುವ ಕಂಪ್ಯೂಟರಿನೊಳಗಿನ ಪಾಲಿನ ವಿಷಯ. ಎರಡಕ್ಕೂ ಧರ್ಮ ಒಂದೇ ಎಂಬುದನ್ನು ನಾನು ನಷ್ಟಪಟ್ಟು ಕಲಿತೆನು.

ಈ ಮಾತಿಗೆ ಈಗ ಸಮಯವೂ ಒದಗಿದೆ. 2025ನೆಯ ಇಸವಿ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮಿಗೆ ಮೈಕ್ರೋಸಾಫ್ಟ್ ಕಂಪೆನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಆ ಬಳಿಕ ಬಂಟ್ವಾಳದ ಪೇಟೆಯಲ್ಲಿ ಎದುರಾದ ಮಿತ್ರರಲ್ಲಿ ಹಲವರ ಬಾಯಲ್ಲಿ ಒಂದೇ ಮಾತು: "ಮಾಸ್ಟ್ರೇ, ಹೊಸತು ಹಾಕಿಸಬೇಕಂತೆ. ಒಳಗಿದ್ದದ್ದು ಹೋಗುತ್ತದೆಯೋ?" ಹೋಗಬಹುದು, ಹೋಗದೆಯೂ ಇರಬಹುದು, ಅದು ನಿಮ್ಮ ಪೂರ್ವಸಿದ್ಧತೆಯನ್ನು ಅವಲಂಬಿಸಿದೆ. ಉತ್ತರವನ್ನು ವಿವರಿಸುವ ಮೊದಲು ನನ್ನ ಕಥೆಯನ್ನೇ ಹೇಳಿಬಿಡುವೆನು.

ನನ್ನ ತಂದೆಯವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಒಂದೊಂದು ಪ್ರಸಂಗಕ್ಕೆ ತಾವು ಸಿದ್ಧಮಾಡಿಕೊಂಡ ಮಾತುಗಳನ್ನು ಹನ್ನೊಂದು ನೋಟು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಅವರು ತೀರಿಹೋದ ಮೇಲೆ ಆ ಪುಸ್ತಕಗಳನ್ನು ನಾನು ಶಾಲೆಯಿಂದ ಬಂದು ಸಂಜೆಯ ಹೊತ್ತು ಒಂದೊಂದು ಪುಟದಂತೆ ಆರು ವರ್ಷ ಕಂಪ್ಯೂಟರಿಗೆ ಬೆರಳಚ್ಚು ಮಾಡಿದೆನು. ಮಳೆಗಾಲವೊಂದರಲ್ಲಿ ಅಟ್ಟಕ್ಕೆ ಒರಲೆ ಹತ್ತಿ ಮೂಲ ಪುಸ್ತಕಗಳಲ್ಲಿ ಕೆಲವು ಮಣ್ಣಾದಾಗಲೂ "ಹೋಗಲಿ, ಯಂತ್ರದಲ್ಲಿದೆಯಷ್ಟೆ" ಎಂದು ಸಮಾಧಾನಪಟ್ಟುಕೊಂಡಿದ್ದೆನು.

2020ರ ಜನವರಿ 14ಕ್ಕೆ ವಿಂಡೋಸ್ 7ರ ಬೆಂಬಲ ಮುಗಿಯಿತು. ಬೆಳ್ತಂಗಡಿಯಲ್ಲಿರುವ ನನ್ನ ಅಕ್ಕನ ಮಗನು ಒಂದು ಆದಿತ್ಯವಾರ ಬಂದು ಹೊಸ ಆಪರೇಟಿಂಗ್ ಸಿಸ್ಟಮನ್ನು ಹಾಕಿಕೊಡಲು ಕುಳಿತನು. ನನ್ನ ಬರಹವೆಲ್ಲ ಡಿ ಡ್ರೈವಿನಲ್ಲಿತ್ತು. ಆದಕಾರಣ ನಾನು ಶಾಲಾಮಾಸ್ತರನ ಗತ್ತಿನಿಂದಲೇ ಅಪ್ಪಣೆ ಕೊಟ್ಟೆನು: "ನೋಡು, ಡಿ ಒಂದನ್ನು ಮುಟ್ಟಬೇಡ. ಮಿಕ್ಕದ್ದನ್ನೆಲ್ಲ ಅಳಿಸು." ಅವನು ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಬರೆದು, ನಾನು ಹೇಳಿದಂತೆಯೇ ಡಿಯನ್ನು ಉಳಿಸಿ ಮಿಕ್ಕದ್ದನ್ನು ಅಳಿಸಿದನು. ಸಂಜೆ ನೋಡುವಾಗ ಹಳೆಯ ವಿಂಡೋಸ್ ಸುರಕ್ಷಿತವಾಗಿತ್ತು. ತಂದೆಯವರ ಪುಸ್ತಕಗಳು ಇದ್ದ ಜಾಗದಲ್ಲಿ ಹೊಸ ವಿಂಡೋಸ್ ಬಂದು ಕುಳಿತಿತ್ತು.

"ಮಾವ, ನೀವು ಹೇಳಿದ ಹಾಗೆಯೇ ಮಾಡಿದ್ದೇನೆ" ಎಂದನು ಹುಡುಗನು. ಅವನ ಮುಖ ಬಾಡಿತ್ತು. ಅವನು ಹೇಳಿದ್ದು ಸತ್ಯ. ತಪ್ಪು ನನ್ನದು, ನಾನು ವಸ್ತುವನ್ನು ತೋರಿಸದೆ ಅದರ ಹೆಸರನ್ನು ಮಾತ್ರ ಹೇಳಿದ್ದೆನು.

ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಹಾರ್ಡ್ ಡಿಸ್ಕಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ಡಿಸ್ಕೆಂಬುದು ಒಂದು ಅಖಂಡವಾದ ಭೂಮಿ. ಅದನ್ನು ಮೇರೆ ಹಾಕಿ ಖಂಡಗಳಾಗಿ ವಿಂಗಡಿಸುವುದಕ್ಕೆ ಪಾರ್ಟಿಷನ್ ಎನ್ನುವರು. ಯಾವ ಖಂಡ ಎಲ್ಲಿ ಆರಂಭವಾಗಿ ಎಷ್ಟು ದೂರ ಹೋಗುವುದೆಂಬ ಲೆಕ್ಕವು ಡಿಸ್ಕಿನ ಆದಿಭಾಗದಲ್ಲಿ ಒಂದು ಪಟ್ಟಿಯಲ್ಲಿ ಬರೆದಿರುತ್ತದೆ. ಇದನ್ನು ನಮ್ಮ ಗ್ರಾಮದ ಅಡಂಗಲ್ ಎಂದು ತಿಳಿಯಿರಿ. ಎಂ.ಬಿ.ಆರ್. ಎಂಬ ಹಳೆಯ ಪದ್ಧತಿಯಲ್ಲಿ ಈ ಪಟ್ಟಿಗೆ ದೊರೆಯುವ ಸ್ಥಳ ಕೇವಲ 64 ಬೈಟುಗಳು. ನಾಲ್ಕೇ ಮುಖ್ಯ ಖಂಡಗಳ ವಿವರಕ್ಕೆ ಅಲ್ಲಿ ಎಡೆಯುಂಟು. ಜಿ.ಪಿ.ಟಿ. ಎಂಬ ಈಚಿನ ಪದ್ಧತಿಯಲ್ಲಿ ವಿಂಡೋಸ್ 128 ಖಂಡಗಳಿಗೆ ಅವಕಾಶವೀಯುತ್ತದೆ. ಅದಕ್ಕಿಂತಲೂ ಮೆಚ್ಚತಕ್ಕ ಸಂಗತಿಯೆಂದರೆ, ಈ ಹೊಸ ಪದ್ಧತಿಯಲ್ಲಿ ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಬರೆದಿಡುತ್ತಾರೆ. ಒಂದು ಕೆಟ್ಟರೆ ಮತ್ತೊಂದು ಇರಲಿ ಎಂಬ ಬುದ್ಧಿ ಯಂತ್ರವನ್ನು ಕಟ್ಟಿದವರಿಗೂ ಬೇಕಾಯಿತು.

ಇನ್ನು ಸಿ, ಡಿ, ಇ ಎಂಬ ಅಕ್ಷರಗಳು. ಮೊದಲ ಡ್ರೈವ್ ಏತಕ್ಕೆ 'ಎ' ಆಗದೆ 'ಸಿ' ಆಯಿತೆಂದು ಮಕ್ಕಳು ಕೇಳುವುದುಂಟು. 1981ರಲ್ಲಿ ಐ.ಬಿ.ಎಂ. ಕಂಪೆನಿಯ ಪರ್ಸನಲ್ ಕಂಪ್ಯೂಟರ್ ಹೊರಬಂದಾಗ ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಎ ಮತ್ತು ಬಿ ಎಂಬವು ಫ್ಲಾಪಿಗಳಿಗೆ ಸಂದ ಅಕ್ಷರಗಳು. 1983ರಲ್ಲಿ ಬಂದ ಎಕ್ಸ್.ಟಿ. ಎಂಬ ಮಾದರಿಯಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಸೇರಿದಾಗ ಅದಕ್ಕೆ ಮೂರನೆಯ ಅಕ್ಷರ ದೊರೆಯಿತು. ಫ್ಲಾಪಿಗಳು ಮನೆಗಳಿಂದ ಮಾಯವಾಗಿ ಎಷ್ಟೋ ವರ್ಷಗಳಾದರೂ, ಖಾಲಿ ಪೀಠಗಳನ್ನು ಬಿಟ್ಟು ಮೂರನೆಯ ಸ್ಥಾನದಿಂದಲೇ ಎಣಿಸುವ ರೂಢಿ ಉಳಿಯಿತು.

ಇಲ್ಲಿ ಗೃಹಸ್ಥರು ಮುಖ್ಯವಾಗಿ ಅರಿಯತಕ್ಕ ವಿಷಯವೊಂದಿದೆ. ಈ ಅಕ್ಷರವು ಡಿಸ್ಕಿನ ಮೇಲೆ ಕೊರೆದ ಗುರುತಲ್ಲ. ಆಗ ನಡೆಯುತ್ತಿರುವ ವಿಂಡೋಸ್ ತನ್ನ ಅನುಕೂಲಕ್ಕಾಗಿ ಕೊಟ್ಟುಕೊಂಡು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡ ಸಂಜ್ಞೆ. ವ್ಯಾಕರಣವನ್ನು ಓದುವ ವಿದ್ಯಾರ್ಥಿಗೆ ಗುಣವೆಂದರೆ ಅ, ಏ, ಓ ಎಂಬ ಸ್ವರಗಳು. ಸಾಂಖ್ಯವನ್ನು ಓದುವವನಿಗೆ ಗುಣವೆಂದರೆ ಸತ್ತ್ವ, ರಜಸ್ಸು, ತಮಸ್ಸುಗಳು. ಪದ ಒಂದೇ, ಶಾಸ್ತ್ರ ಬೇರೆಯಾದಾಗ ಅರ್ಥ ಬೇರೆ. ಪೆನ್ ಡ್ರೈವಿನಿಂದ ಎದ್ದ ಇನ್‌ಸ್ಟಾಲರ್ ಬೇರೊಂದು ಶಾಸ್ತ್ರ. ಅದು ತನ್ನ ಸಂಜ್ಞೆಗಳನ್ನು ತಾನೇ ಹೊಸದಾಗಿ ಹಂಚುತ್ತದೆ. ನನ್ನ ಯಂತ್ರದಲ್ಲಿ 100 ಮೆಗಾಬೈಟಿನ ಒಂದು ಸಣ್ಣ ಗುಪ್ತಖಂಡವಿತ್ತು. ಹಳೆಯ ವಿಂಡೋಸ್ ಅದಕ್ಕೆ ಅಕ್ಷರವನ್ನೇ ಕೊಟ್ಟಿರಲಿಲ್ಲ. ಇನ್‌ಸ್ಟಾಲರ್ ಅದನ್ನು ಸಿ ಎಂದು ಕರೆಯಿತು. ಪರಿಣಾಮವಾಗಿ ನಮ್ಮ ಹಳೆಯ ಸಿ ಡಿಯಾಯಿತು. ನಮ್ಮ ಡಿ ಇಯಾಯಿತು. ನಾನು ಒಂದು ಶಾಸ್ತ್ರದಲ್ಲಿ ಮಾತಾಡಿದೆನು, ಹುಡುಗನು ಇನ್ನೊಂದರಲ್ಲಿ ಕೇಳಿದನು.

ಹಾಗಾದರೆ ಯಾವ ಗುರುತನ್ನು ನಂಬತಕ್ಕದ್ದು? ಮೂರನ್ನು ನಂಬಬಹುದು. ಮೊದಲನೆಯದು ಖಂಡದ ಅಳತೆ. ಎರಡನೆಯದು ಡಿಸ್ಕಿನಲ್ಲಿ ಅದರ ಕ್ರಮ. ಮೂರನೆಯದು ಲೇಬಲ್ ಎಂಬ ಹೆಸರು. ಅಕ್ಷರದಂತಲ್ಲದೆ ಲೇಬಲ್ ಆ ಖಂಡದಲ್ಲಿಯೇ ಬರೆಯಲ್ಪಡುವುದರಿಂದ ಯಾವ ಯಜಮಾನನು ಬಂದರೂ ಬದಲಾಗುವುದಿಲ್ಲ. ಇನ್‌ಸ್ಟಾಲರಿನ ಪಟ್ಟಿಯಲ್ಲಿ 'ಡಿಸ್ಕ್ 0, ಪಾರ್ಟಿಷನ್ 3' ಎಂಬಂತೆ ಸಂಖ್ಯೆಗಳಿರುತ್ತವೆ. ನಿಮಗೆ ಪರಿಚಿತವಾದ ಸಿ, ಡಿಗಳು ಅಲ್ಲಿ ಕಾಣವು. ಎಲ್ಲಕ್ಕೂ 'ಲೋಕಲ್ ಡಿಸ್ಕ್' ಎಂಬ ಒಂದೇ ಹೆಸರಿದ್ದರೆ ಗುರುತು ಹಿಡಿಯುವುದು ಕಷ್ಟ. ಆದಕಾರಣ ಮೊದಲೇ ಆ ಖಂಡಗಳ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅದರಲ್ಲಿರುವುದನ್ನು ಸೂಚಿಸುವ ಹೆಸರನ್ನಿಡಿರಿ. ಇದನ್ನು ರೋಮನ್ ಅಕ್ಷರಗಳಲ್ಲಿಡುವುದು ಕ್ಷೇಮ. ಅಳತೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆಯುಂಟು. ಅಂಗಡಿಯವರು 1 ಟೆರಾಬೈಟ್, ಎಂದರೆ ಒಂದು ಲಕ್ಷ ಕೋಟಿ ಬೈಟು, ಎಂದು ಮಾರಿದ ಡಿಸ್ಕನ್ನು ವಿಂಡೋಸ್ 931 ಜಿ.ಬಿ. ಎಂದು ತೋರಿಸುತ್ತದೆ. ಮೋಸವೇನೂ ನಡೆದಿಲ್ಲ, ಅಂಗಡಿಯಲ್ಲಿ ಸಾವಿರದ ಲೆಕ್ಕ, ವಿಂಡೋಸಿನಲ್ಲಿ 1024ರ ಲೆಕ್ಕ.

ಅಕ್ಷರವಿಲ್ಲದ ಸಣ್ಣ ಖಂಡಗಳನ್ನು ಕಂಡು "ಇವು ಯಾತಕ್ಕೆ?" ಎಂದು ಅಳಿಸಹೋಗಬಾರದು. ಹೊಸ ಯಂತ್ರಗಳಲ್ಲಿ ಇ.ಎಫ್.ಐ. ಎಂಬ ಖಂಡವೊಂದಿದ್ದು, ಸಾಮಾನ್ಯವಾಗಿ 100 ಮೆಗಾಬೈಟಿನಷ್ಟಿರುತ್ತದೆ. ಗುಂಡಿ ಒತ್ತಿದೊಡನೆ ಯಂತ್ರವು ಮೊದಲು ಅದನ್ನೇ ಹುಡುಕುತ್ತದೆ. ಕೆಟ್ಟಾಗ ದುರಸ್ತಿಗೆ ಬೇಕಾದ ಉಪಕರಣಗಳಿರುವ ಖಂಡವೂ ಒಂದಿರುತ್ತದೆ. ಬೀಗದ ಕೈ ಚಿಕ್ಕದೆಂದು ಬಿಸಾಡುವವರುಂಟೆ?

ಇನ್ನೊಂದು ಭ್ರಮೆಯನ್ನು ಹೇಳಬೇಕು. "ನನ್ನದೆಲ್ಲ ಡಿಯಲ್ಲಿದೆ, ಸಿ ಹೋದರೆ ಚಿಂತೆಯಿಲ್ಲ" ಎನ್ನುವವರು ಬಹಳ. ಆದರೆ ಡೆಸ್ಕ್‌ಟಾಪಿನ ಮೇಲೆ ಕಾಣುವ ಕಡತಗಳು, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಂಬವು ನೀವು ಬೇರೆ ಏರ್ಪಾಡು ಮಾಡಿರದಿದ್ದರೆ ಸಿಯಲ್ಲಿಯೇ ಇರುತ್ತವೆ. ಮಗಳ ಮದುವೆಯ ಛಾಯಾಚಿತ್ರಗಳನ್ನು ಕಣ್ಣೆದುರಿಗೇ ಇರಲೆಂದು ಡೆಸ್ಕ್‌ಟಾಪಿನಲ್ಲಿಟ್ಟ ತಾಯಿಗೆ, ಅವು ಮೊದಲು ಅಳಿಯುವ ಖಂಡದಲ್ಲಿವೆಯೆಂಬುದು ತಿಳಿದಿರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಮತ್ತೂ ಒಂದು ಮಾತು. ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ನಮ್ಮಂಥವರಿಗೂ ಕನ್ನಡದ ಬೆರಳಚ್ಚು ಸುಲಭವಾಯಿತು. ಆದರೆ ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಬರೆದ ಕಡತಗಳು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಇಲ್ಲದಿದ್ದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟುಗಳಿರುವುದು ಸಿಯಲ್ಲಿರುವ ವಿಂಡೋಸಿನೊಳಗೆ. ಹೊಸ ಆಪರೇಟಿಂಗ್ ಸಿಸ್ಟಮ್ ಬಂದಾಗ ಅವು ಮಾಯವಾಗುತ್ತವೆ. ಆದುದರಿಂದ ಬರಹದೊಂದಿಗೆ ಫಾಂಟನ್ನೂ ನಕಲು ಮಾಡಿಡಿರಿ. ಸಾಧ್ಯವಾದರೆ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ ಮತ್ತೊಂದು ಪ್ರತಿಯನ್ನು ಇಡಿರಿ.

ಇಷ್ಟು ಹೊತ್ತೂ ನಕಲು, ಪ್ರತಿ ಎನ್ನುತ್ತಿದ್ದೇನೆ. ಇದರ ಬೆಲೆಯನ್ನು ತಿಳಿಯಲು ಮೂಡಬಿದಿರೆಗೆ ಹೋದರೆ ಸಾಕು. ಜೈನರ ಷಟ್ಖಂಡಾಗಮವೂ ಅದಕ್ಕೆ ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯೂ ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಅವು ಪೂಜೆಗೆ ಸಂದವು, ಓದಿಗೆ ಸಲ್ಲಲಿಲ್ಲ. ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡ ಬಳಿಕ 1896ರಲ್ಲಿ ಪ್ರತಿ ಮಾಡುವ ಕಾರ್ಯವನ್ನು ಕೈಗೊಂಡರು; ಅದು 1922ರವರೆಗೆ ನಡೆಯಿತು. ಇಪ್ಪತ್ತಾರು ವರ್ಷ! ಪಂಡಿತ ಗಜಪತಿ ಶಾಸ್ತ್ರಿಗಳೂ ಅವರ ಪತ್ನಿ ಲಕ್ಷ್ಮೀಬಾಯಿಯವರೂ ಗುಟ್ಟಾಗಿ ಮಾಡಿಕೊಂಡ ಇನ್ನೊಂದು ಪ್ರತಿ ಹೊರಗೆ ಬಂದಿತು. ಬಳಿಕ ಪ್ರೊಫೆಸರ್ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಮುದ್ರಣಗೊಂಡು ಲೋಕದ ವಿದ್ವಾಂಸರ ಕೈಸೇರಿತು. ಒಂದೇ ಎಡೆಯಲ್ಲಿದ್ದ ಗ್ರಂಥವು ಹಲವು ಎಡೆಗಳಲ್ಲಿ ನಿಂತುದರಿಂದಲೇ ಅದರ ಭಯ ನೀಗಿತು.

'ಹಲವು ಎಡೆ' ಎಂಬುದು ಮುಖ್ಯ. ಅದೇ ಡಿಸ್ಕಿನ ಇನ್ನೊಂದು ಖಂಡದಲ್ಲಿಟ್ಟ ನಕಲನ್ನು ನಕಲೆಂದು ಎಣಿಸಲಾಗದು. ಡಿಸ್ಕೇ ಕೆಟ್ಟರೆ ಎರಡೂ ಹೋಗುವವು. ಅದೇ ಮನೆಯಲ್ಲಿಟ್ಟ ನಕಲು ಅರ್ಧ ನಕಲು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ನೆರೆ ಬಂಟ್ವಾಳದ ಪೇಟೆಯನ್ನು ಹೊಕ್ಕುದನ್ನು ಇಲ್ಲಿಯ ಹಳೆಯ ಮನೆಗಳು ಮರೆತಿಲ್ಲ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಹಳ್ಳಿಗಳೂ ನೆರೆಯನ್ನು ಕಂಡವು. ನೀರು ಸಿ, ಡಿ ಎಂದು ನೋಡುವುದಿಲ್ಲ.

ನನ್ನನ್ನು ಉಳಿಸಿದುದೂ ಮೂಡಬಿದಿರೆಯೇ. ಅಲ್ಲಿರುವ ನನ್ನ ನಿವೃತ್ತ ಸಂಸ್ಕೃತಾಧ್ಯಾಪಕ ಮಿತ್ರರೊಬ್ಬರು ಅಕ್ಷರದೋಷಗಳನ್ನು ತಿದ್ದಿಕೊಡುವುದಕ್ಕಾಗಿ ಏಳು ಪುಸ್ತಕಗಳ ಬೆರಳಚ್ಚನ್ನು ಪೆನ್ ಡ್ರೈವಿನಲ್ಲಿ ಕೊಂಡುಹೋಗಿದ್ದರು. "ಇಷ್ಟು ದಿನ ತಿದ್ದದೆ ಇಟ್ಟುಕೊಂಡಿರಿ" ಎಂದು ಅವರನ್ನು ಎಷ್ಟೋ ಸಲ ಆಕ್ಷೇಪಿಸಿದ್ದೆನು; ಆ ಆಲಸ್ಯಕ್ಕೆ ಈಗ ಕೈಮುಗಿಯುವೆನು. ಮಿಕ್ಕ ನಾಲ್ಕರಲ್ಲಿ ಎರಡರ ಕಾಗದದ ಮೂಲವು ಒರಲೆಗೆ ತಪ್ಪಿ ಉಳಿದಿತ್ತು. ಪುನಃ ಬೆರಳಚ್ಚು ಮಾಡಿದೆನು. ಇನ್ನೆರಡು ಹೋದವು. ಕಳೆದ ಕಡತಗಳನ್ನು ಹುಡುಕುವ ತಂತ್ರಾಂಶದಿಂದ ಕೆಲವು ತುಂಡುಗಳು ದೊರೆತರೂ ಅದರಲ್ಲಿ ಒಂದು ಪೂರ್ಣ ಪುಟವಿರಲಿಲ್ಲ. ತಂದೆಯವರ ಕರ್ಣನು ಕೃಷ್ಣನಿಗೆ ಏನೆಂದು ಉತ್ತರ ಕೊಟ್ಟನೆಂಬುದು ಈಗ ನನ್ನ ನೆನಪಿನಲ್ಲಿರುವಷ್ಟೇ.

ಇದನ್ನು ಓದಿದವರಿಗೆ ಹಾಗಾಗಬಾರದು. ಆದಕಾರಣ ಮಾಡತಕ್ಕ ಕೆಲಸಗಳನ್ನು ಕ್ರಮವಾಗಿ ಹೇಳುವೆನು.

ಮೊದಲು, ಹೊರಗಿನ ಒಂದು ಡಿಸ್ಕಿಗೆ ಬೇಕಾದುದನ್ನೆಲ್ಲ ನಕಲು ಮಾಡಿರಿ. ಸಿಯಲ್ಲಿರುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫಾಂಟುಗಳನ್ನು ಮರೆಯಬೇಡಿರಿ. ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿ ನಾಲ್ಕಾರು ಕಡತಗಳನ್ನು ತೆರೆದು ನೋಡಿರಿ. ತೆರೆದು ನೋಡದ ನಕಲು ಎಣಿಸದ ಹಣದಂತೆ.

ಎರಡನೆಯದಾಗಿ, ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬುದನ್ನು ತೆರೆಯಿರಿ. ಖಂಡಗಳ ಚಿತ್ರವು ಸಾಲಾಗಿ ಕಾಣುವುದು. ಡಿಸ್ಕಿನ ಸಂಖ್ಯೆ, ಖಂಡದ ಕ್ರಮ, ಲೇಬಲ್, ಅಳತೆ, ಅಕ್ಷರ ಎಂಬ ಐದನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೂ ಆಗುವುದು. ಇದು ನಿಮ್ಮ ಪಾಲುಪಟ್ಟಿ.

ಮೂರನೆಯದಾಗಿ, ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಗುಪ್ತಲಿಪಿಯ ಬೀಗವು ನಿಮಗೆ ತಿಳಿಯದೆಯೇ ಬಿದ್ದಿರಬಹುದು. ಅದರ 48 ಅಂಕೆಗಳ ಕೀಲಿಯನ್ನು ಮೊದಲೇ ತೆಗೆದು ಕಾಗದದಲ್ಲಿ ಬರೆದಿಡಿರಿ. ಕೀಲಿಯಿಲ್ಲದಿದ್ದರೆ ಖಂಡವು ಉಳಿದೂ ಉಳಿಯದಂತೆಯೇ.

ನಾಲ್ಕನೆಯದಾಗಿ, ಯಂತ್ರದಲ್ಲಿ ಎರಡು ಡಿಸ್ಕುಗಳಿದ್ದರೆ ಬರಹವಿರುವ ಡಿಸ್ಕಿನ ತಂತಿಯನ್ನು ಕೆಲಸ ಮುಗಿಯುವವರೆಗೆ ಕಳಚಿಡಿಸಿರಿ. ನಕಲು ಮಾಡಿದ ಹೊರಗಿನ ಡಿಸ್ಕನ್ನೂ ತೆಗೆದು ಕಪಾಟಿನಲ್ಲಿಡಿರಿ. ಇಲ್ಲದ ವಸ್ತುವನ್ನು ಯಾರೂ ಅಳಿಸಲಾರರು.

ಐದನೆಯದಾಗಿ, ಇನ್‌ಸ್ಟಾಲರಿನ ಪಟ್ಟಿ ಬಂದಾಗ ಕಾಗದವನ್ನು ಪಕ್ಕದಲ್ಲಿಟ್ಟು, ಒಂದೊಂದು ಸಾಲನ್ನೂ ಅಳತೆಯೊಂದಿಗೆ ಒಪ್ಪಿಸಿ ನೋಡಿದ ಮೇಲೆಯೇ ಡಿಲೀಟ್ ಅಥವಾ ಫಾರ್ಮ್ಯಾಟ್ ಒತ್ತಿರಿ. ಒಂದು ಸಾಲು ಹೊಂದದಿದ್ದರೂ ನಿಲ್ಲಿಸಿರಿ. ಖಂಡವನ್ನು ಅಳಿಸಿದಾಗ ಅಡಂಗಲಿನ ಸಾಲು ಮಾತ್ರ ಹೋಗಿ ಭೂಮಿ ಹಾಗೆಯೇ ಇರುತ್ತದೆ. ಹಳೆಯ ತಿರುಗುವ ಡಿಸ್ಕಿನಲ್ಲಿ ಅದರ ಮೇಲೆ ಏನನ್ನೂ ಬರೆಯದಿದ್ದರೆ ಬಲ್ಲವರು ಮರಳಿ ಪಡೆಯುವುದುಂಟು. ಈಗಿನ ಎಸ್.ಎಸ್.ಡಿ.ಗಳಲ್ಲಿ ಅಳಿಸಿದುದನ್ನು ಯಂತ್ರವೇ ಒಳಗಿಂದ ಶುದ್ಧಮಾಡಿಬಿಡುವುದರಿಂದ ಆ ಆಸೆಯೂ ಬಹುಮಟ್ಟಿಗಿಲ್ಲ.

ಕೊನೆಯದಾಗಿ, ಕೆಲಸ ಮುಗಿದ ಮೇಲೆ ನಿಮ್ಮ ಡಿ ಈಗ ಇಯಾಗಿ ಕಂಡರೆ ಗಾಬರಿಪಡಬೇಡಿರಿ. ಅದೇ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅಕ್ಷರವನ್ನು ಬದಲಿಸಬಹುದು. ವಿಂಡೋಸ್ ತಾನು ಕುಳಿತ ಸಿಯ ಅಕ್ಷರವನ್ನು ಬದಲಿಸಲು ಮಾತ್ರ ಒಪ್ಪದು. ತಂತ್ರಾಂಶಗಳನ್ನು ಹಾಕುವ ಮೊದಲೇ ಈ ಹೆಸರುಗಳನ್ನು ಸರಿಪಡಿಸಿರಿ. ಆಮೇಲೆ ಬದಲಿಸಿದರೆ ಹಳೆಯ ವಿಳಾಸಕ್ಕೆ ಬರೆದ ಕಾಗದದಂತೆ ಅವು ದಾರಿತಪ್ಪುವವು.

ಪಾಲಿನ ಗಾತ್ರದ ಬಗ್ಗೆ ಒಂದು ಮಾತು. ಸಿಗೆ ಜಿಪುಣತನದಿಂದ ಅಳೆದುಕೊಟ್ಟು, ಡಿ, ಇ, ಎಫ್ ಎಂದು ಮಿಕ್ಕದ್ದನ್ನು ಹರಿದು ಹಂಚುವ ರೂಢಿಯಿಂದ ಕೆಲವೇ ವರ್ಷಗಳಲ್ಲಿ ಸಿಯ ಪಟ್ಟಿ ಕೆಂಪಾಗುತ್ತದೆ. ವಿಂಡೋಸ್ 11ಕ್ಕೆ ಕಂಪೆನಿಯವರು ಹೇಳುವ ಕನಿಷ್ಠ ಸ್ಥಳವೇ 64 ಜಿ.ಬಿ.; ಬಳಕೆಗೆ ಅದರ ಮೂರರಷ್ಟಾದರೂ ಇರಲಿ. ಆಮೇಲೆ ಹಿಗ್ಗಿಸುವೆನೆಂದರೆ ಸುಲಭವಲ್ಲ. ವಿಂಡೋಸಿನ ಉಪಕರಣದಿಂದ ಸಿಯನ್ನು ಹಿಗ್ಗಿಸಬೇಕಾದರೆ ಅದರ ಬಲಮಗ್ಗುಲಿಗೆ ತಾಗಿಯೇ ಖಾಲಿ ಭೂಮಿ ಇರಬೇಕು. ನಡುವೆ ನೆರೆಯವನ ಹಿತ್ತಿಲಿದ್ದರೆ ಆಚೆಯ ಖಾಲಿ ಗದ್ದೆಯಿಂದ ನಿಮಗೇನು ಲಾಭ?

ಹಳೆಯ ಯಂತ್ರವು ಹೊಸ ವಿಂಡೋಸಿಗೆ ಒಗ್ಗದಿದ್ದರೆ ಲಿನಕ್ಸನ್ನು ಹಾಕಿಸುವವರೂ ಇದ್ದಾರೆ. ನೆರೆಯ ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿ ಕೇರಳದ ಸರಕಾರಿ ಶಾಲೆಗಳ ಮಕ್ಕಳು ಅದನ್ನೇ ಕಲಿಯುತ್ತಿದ್ದಾರೆ. ಅಲ್ಲಿ ಸಿ, ಡಿಗಳ ಗೊಡವೆಯೇ ಇಲ್ಲ. ಗೀತೆಯ ಅಶ್ವತ್ಥದಂತೆ ಬೇರು ಮೇಲಿರುವ ಒಂದೇ ಮರ, ಎಲ್ಲ ಖಂಡಗಳೂ ಅದರ ಕೊಂಬೆಗಳು. ಆದರೂ ಪಾಲಿನ ಧರ್ಮ ಅದೇ: ಮೊದಲು ಪ್ರತಿ, ಆಮೇಲೆ ಗುರುತು, ಕೊನೆಗೆ ಕತ್ತರಿ.

ಕಳೆದ ನವಂಬರಿನಲ್ಲಿ ಅಕ್ಕನ ಮಗನು ಪುನಃ ಬಂದು ಅದೇ ಮೇಜಿನ ಮುಂದೆ ಕುಳಿತನು. ಈ ಸಲ ನಾನು ಅಪ್ಪಣೆ ಕೊಡಲಿಲ್ಲ. ಕಾಗದವನ್ನು ಅವನ ಕೈಗಿತ್ತು, ಪಟ್ಟಿಯ ಒಂದೊಂದು ಸಾಲನ್ನೂ ಅವನು ಗಟ್ಟಿಯಾಗಿ ಓದುವಂತೆಯೂ ನಾನು ಬೆರಳಿಟ್ಟು ಒಪ್ಪುವಂತೆಯೂ ಏರ್ಪಾಡಾಯಿತು. ಕೆಲಸ ಮುಗಿಯುವಾಗ ರಾತ್ರಿ ಎಂಟು ಗಂಟೆ. ಒಂಬತ್ತು ಪುಸ್ತಕಗಳೂ ಇದ್ದವು. ಮರುದಿನ ಅವನು ಹೊರಡುವಾಗ ಅವುಗಳ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಅವನ ಕಿಸೆಗೆ ಹಾಕಿ, "ಬೆಳ್ತಂಗಡಿಯಲ್ಲಿ ನಿನ್ನ ಅಮ್ಮನ ಕಪಾಟಿನಲ್ಲಿ ಇಡು" ಎಂದೆನು. ಅವನು ನಕ್ಕು, "ಯಾವ ಡ್ರೈವಿನಲ್ಲಿ ಮಾವ?" ಎಂದನು.